ವಕೀಲರ ಕಚೇರಿ ಒಡೆದಾಗ: ಪಾಲುದಾರರ ಅಧಿಕಾರ, ನಿಷ್ಠೆ ಮತ್ತು ಕಕ್ಷಿದಾರರ ಫೈಲು

ಜಮ್ಮಾ ಜಮೀನಿನ (ವಂಶಪಾರಂಪರ್ಯವಾಗಿ ಬಂದ ಕೊಡಗಿನ ಹಿಡುವಳಿಯ) ಪಾಲು, ಬಾಣೆಯ (ಗದ್ದೆಗೆ ಸೇರಿದ ಕಾಡುಜಮೀನಿನ) ಮರ, ತೋಟದ ಗಡಿ, ಗದ್ದೆಗೆ ಇಳಿಯುವ ದಾರಿ ಮುಂತಾದ ವಿಚಾರಗಳಿಗಾಗಿ ಕೊಡಗಿನಲ್ಲಿ ಹೂಡಲಾಗುವ ದಾವೆಗಳು ಬೇಗನೆ ಮುಗಿಯುವಂಥವಲ್ಲ. ಅಪ್ಪ ಹೂಡಿದ ದಾವೆಯನ್ನು ಮಕ್ಕಳು ಮುಂದುವರಿಸುವುದು ಇಲ್ಲಿ ಅಪರೂಪದ ಸಂಗತಿಯೇನಲ್ಲ. ಅಷ್ಟು ವರ್ಷಗಳಲ್ಲಿ ನ್ಯಾಯಾಧೀಶರು ವರ್ಗವಾಗಿ ಹೋಗುತ್ತಾರೆ, ಸಾಕ್ಷಿಗಳು ವಯಸ್ಸಾಗಿ ಹಾಸಿಗೆ ಹಿಡಿಯುತ್ತಾರೆ, ಆದರೂ ನಮ್ಮ ವಕೀಲರ ಕಚೇರಿ ಅಲ್ಲೇ ಇದೆ ಎಂಬ ಧೈರ್ಯದ ಮೇಲೆ ಕುಟುಂಬ ನಡೆದುಕೊಂಡು ಹೋಗುತ್ತದೆ. ಅಂಥ ಕಚೇರಿಯನ್ನು ಒಟ್ಟಿಗೆ ನಡೆಸುತ್ತಿದ್ದ ವಕೀಲರು ಬೇರೆಯಾದರಂತೆ ಎಂಬ ಸುದ್ದಿ ಕಿವಿಗೆ ಬಿದ್ದಾಗ ಕಕ್ಷಿದಾರರಿಗೆ ಕೈಕಾಲು ಆಡದಂತಾಗುತ್ತದೆ. ಫೈಲು ಯಾರ ಬಳಿ ಉಳಿಯಿತು, ಮುಂದಿನ ವಾಯಿದೆಗೆ ಯಾರು ನಿಲ್ಲುತ್ತಾರೆ, ಕೊಟ್ಟ ಫೀಸಿನ ಗತಿ ಏನು, ಒಬ್ಬರ ಬಳಿ ಹೋದರೆ ಇನ್ನೊಬ್ಬರಿಗೆ ಬೇಸರವಾಗುವುದಿಲ್ಲವೇ ಎಂಬ ಪ್ರಶ್ನೆಗಳು ಒಟ್ಟಿಗೇ ಎದುರಾಗುತ್ತವೆ.

ಈ ಪ್ರಶ್ನೆಗಳು ಕಕ್ಷಿದಾರರಿಗೆ ಮಾತ್ರ ಸಂಬಂಧಿಸಿದವಲ್ಲ. ಕಾನೂನು ಓದಿ ಬೆಂಗಳೂರು, ಮೈಸೂರಿನ ವಕೀಲರ ಸಂಸ್ಥೆಗಳಿಗೆ ಸೇರುತ್ತಿರುವ ಕೊಡಗಿನ ತರುಣ ತರುಣಿಯರಿಗೂ, ಅವರ ಮನೆಯವರಿಗೂ ‘ಪಾರ್ಟ್ನರ್’ ಎಂಬ ಪದದ ಹಿಂದೆ ಏನೇನಿದೆ ಎಂಬುದು ತಿಳಿದಿರಬೇಕಾಗುತ್ತದೆ. ಹೊರಗಿನಿಂದ ಬರೀ ಮನಸ್ತಾಪದಂತೆ ಕಾಣುವ ಈ ಜಗಳಗಳಿಗೆ ಗಟ್ಟಿಯಾದ ಕಾರಣಗಳಿರುತ್ತವೆ, ಅವುಗಳಲ್ಲಿ ಬಹುಪಾಲಿಗೆ ಕಾನೂನಿನಲ್ಲಿ ಉತ್ತರವೂ ಇದೆ.

ಪಾಲುದಾರಿಕೆ ಎಂದರೇನು

ಭಾರತದಲ್ಲಿ ಇದಕ್ಕೆ ಮೂಲ ಕಾನೂನು 1932ರ ಭಾರತೀಯ ಪಾಲುದಾರಿಕೆ ಕಾಯ್ದೆ. ಎಲ್ಲರೂ ಸೇರಿ, ಅಥವಾ ಎಲ್ಲರ ಪರವಾಗಿ ಕೆಲವರು, ನಡೆಸುವ ವ್ಯವಹಾರದ ಲಾಭವನ್ನು ಹಂಚಿಕೊಳ್ಳಲು ಒಪ್ಪಿಕೊಂಡವರ ನಡುವಿನ ಸಂಬಂಧವೇ ಪಾಲುದಾರಿಕೆ ಎಂದು ಅದರ 4ನೇ ಕಲಂ ಹೇಳುತ್ತದೆ. ಈ ವ್ಯಾಖ್ಯೆಯಲ್ಲಿ ಲಾಭದ ಹಂಚಿಕೆಯಷ್ಟೇ ಮುಖ್ಯವಾದದ್ದು ‘ಎಲ್ಲರ ಪರವಾಗಿ’ ಎಂಬ ಮಾತು. ಒಬ್ಬ ಪಾಲುದಾರ ಸಂಸ್ಥೆಯ ಕೆಲಸಕ್ಕಾಗಿ ಮಾಡಿದ್ದು ಉಳಿದವರನ್ನೂ ಕಟ್ಟಿಹಾಕುತ್ತದೆ. ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರರೂ ಒಟ್ಟಾಗಿ ಮಾತ್ರವಲ್ಲದೆ ಒಬ್ಬೊಬ್ಬರಾಗಿಯೂ ಹೊಣೆ ಎಂದು 25ನೇ ಕಲಂ ಹೇಳುವುದರಿಂದ, ಸಂಸ್ಥೆ ತೀರಿಸದೆ ಬಿಟ್ಟ ಸಾಲಕ್ಕೆ ಒಬ್ಬ ಪಾಲುದಾರರ ಸ್ವಂತ ಮನೆಯೂ ಗುರಿಯಾಗಬಹುದು. ಇಷ್ಟು ದೊಡ್ಡ ಹೊಣೆಯನ್ನು ಒಬ್ಬರಿಗಾಗಿ ಇನ್ನೊಬ್ಬರು ಹೊತ್ತಿರುವುದರಿಂದಲೇ ಪಾಲುದಾರರ ನಡುವೆ ಸಾಧಾರಣ ವ್ಯಾಪಾರಕ್ಕಿಂತ ಹೆಚ್ಚಿನ ನಂಬಿಕೆಯನ್ನು ಕಾನೂನು ನಿರೀಕ್ಷಿಸುತ್ತದೆ.

ವಕೀಲರ ವಿಚಾರದಲ್ಲಿ ಇನ್ನೊಂದು ಕಟ್ಟುಪಾಡು ಇದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ ಪ್ರಕಾರ ವಕೀಲರಲ್ಲದವರೊಂದಿಗೆ ವಕೀಲರು ಪಾಲುದಾರಿಕೆ ಮಾಡಿಕೊಳ್ಳುವಂತಿಲ್ಲ, ತಮ್ಮ ಸಂಭಾವನೆಯನ್ನು ಹಂಚಿಕೊಳ್ಳುವಂತೆಯೂ ಇಲ್ಲ. ಹಣ ಇದ್ದವರು ಬಂಡವಾಳ ಹಾಕಿ ವಕೀಲರ ಕಚೇರಿಯ ಒಡೆಯರಾಗಲು ಸಾಧ್ಯವಿಲ್ಲ. ಪಾಲುದಾರರೊಬ್ಬರು ತೀರಿಕೊಂಡಾಗ ಅವರ ಹೆಂಡತಿಯೋ ಮಗನೋ ವಕೀಲರಲ್ಲದಿದ್ದರೆ ಆ ಸ್ಥಾನಕ್ಕೆ ಬರುವಂತಿಲ್ಲ, ಲೆಕ್ಕ ಮಾಡಿಸಿ ಬರಬೇಕಾದ ಹಣವನ್ನು ಮಾತ್ರ ಪಡೆಯಬಹುದು. ಹೀಗಾಗಿ ವಕೀಲರ ಸಂಸ್ಥೆಯ ನಿಜವಾದ ಆಸ್ತಿ ಎಂದರೆ ಅದರೊಳಗಿನ ಮನುಷ್ಯರು ಮತ್ತು ಅವರ ಮೇಲೆ ಜನರಿಗಿರುವ ವಿಶ್ವಾಸ. ಈ ಆಸ್ತಿ ಸಂಜೆ ಚೀಲ ಹೆಗಲಿಗೇರಿಸಿ ಮನೆಗೆ ಹೋಗುತ್ತದೆ, ಬೇಸರವಾದರೆ ಮರುದಿನ ಬೇರೆ ಕಟ್ಟಡಕ್ಕೂ ಹೋಗಬಹುದು. ಅಧಿಕಾರದ ಜಗ್ಗಾಟ ಇಲ್ಲಿ ಇಷ್ಟು ತೀವ್ರವಾಗಿರಲು ಇದೇ ಮೂಲ ಕಾರಣ.

ಬೋರ್ಡಿನ ಮೇಲಿನ ಹೆಸರು, ಒಳಗಿನ ಹಕ್ಕು

ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರ, ಪೊನ್ನಂಪೇಟೆಗಳಲ್ಲಿ ನಾವು ಕಾಣುವ ಬಹುತೇಕ ಕಚೇರಿಗಳು ಕಾನೂನಿನ ಅರ್ಥದಲ್ಲಿ ಪಾಲುದಾರಿಕೆಗಳೇ ಅಲ್ಲ. ಒಬ್ಬ ಸೀನಿಯರ್, ಅವರ ಕೈಕೆಳಗೆ ಕೆಲಸ ಕಲಿಯುವ ಜೂನಿಯರುಗಳು, ವಾಯಿದೆಯ ಡೈರಿ ನೋಡಿಕೊಳ್ಳುವ ಗುಮಾಸ್ತರು ಅಲ್ಲಿರುತ್ತಾರೆ. ಜೂನಿಯರಿಗೆ ಸೀನಿಯರ್ ಕೊಡುವ ಹಣ ಕೆಲವೊಮ್ಮೆ ಆದಾಯದ ಒಂದು ಭಾಗವೇ ಆಗಿದ್ದರೂ, ಅಷ್ಟರಿಂದಲೇ ಜೂನಿಯರ್ ಪಾಲುದಾರರಾಗಿಬಿಡುವುದಿಲ್ಲ. ಕೆಲಸಕ್ಕೆ ಪ್ರತಿಫಲವಾಗಿ ಲಾಭದ ಭಾಗ ಪಡೆಯುವುದೇ ಪಾಲುದಾರಿಕೆಗೆ ಪುರಾವೆಯಲ್ಲ, ಎಲ್ಲ ಸಂಗತಿಗಳನ್ನೂ ಒಟ್ಟಿಗೆ ನೋಡಿ ನಿಜವಾದ ಸಂಬಂಧ ಯಾವುದೆಂದು ತೀರ್ಮಾನಿಸಬೇಕು ಎಂದು 6ನೇ ಕಲಂ ಹೇಳುತ್ತದೆ. ಹತ್ತಾರು ವರ್ಷ ದುಡಿದ ಜೂನಿಯರ್ ‘ನನಗೂ ಪಾಲಿದೆ’ ಎಂದುಕೊಂಡಿರುವುದು, ಸೀನಿಯರ್ ‘ಇದು ನನ್ನ ಕಚೇರಿ’ ಎಂದುಕೊಂಡಿರುವುದು, ಇಬ್ಬರೂ ಅದನ್ನು ಬಾಯಿಬಿಟ್ಟು ಹೇಳದೇ ಇರುವುದು, ಸಣ್ಣ ಊರುಗಳ ಬಹಳಷ್ಟು ಒಡಕುಗಳ ಬುಡದಲ್ಲಿ ಇದೇ ಇರುತ್ತದೆ.

ನಿಜವಾದ ಪಾಲುದಾರಿಕೆಯಲ್ಲಿ ಹಿರಿಯರ ಸ್ಥಾನ ಏನೆಂಬುದನ್ನು ಕೊಡಗಿನವರಿಗೆ ವಿವರಿಸಲು ಒಕ್ಕದ, ಅಂದರೆ ಕೊಡವ ಕೂಡುಕುಟುಂಬದ, ಪಟ್ಟೆದಾರರ ಉದಾಹರಣೆ ಸಾಕು. ಜಮ್ಮಾ ಜಮೀನಿನ ದಾಖಲೆಯಲ್ಲಿ ಪಟ್ಟೆದಾರರ ಹೆಸರು ಮುಂದಿರುತ್ತದೆ, ಸರ್ಕಾರದೊಂದಿಗಿನ ವ್ಯವಹಾರದಲ್ಲಿ ಅವರೇ ಕುಟುಂಬದ ಮುಖವಾಗಿರುತ್ತಾರೆ, ಆದರೆ ಜಮೀನಿನ ಹಕ್ಕು ಅವರೊಬ್ಬರದ್ದಲ್ಲ, ಒಕ್ಕದವರೆಲ್ಲರದ್ದು. ವಕೀಲರ ಸಂಸ್ಥೆಯಲ್ಲೂ ಬೋರ್ಡಿನ ಮೇಲೆ ಮೊದಲ ಹೆಸರಿರುವವರು ಆಡಳಿತ ನೋಡಿಕೊಳ್ಳಬಹುದು, ಬ್ಯಾಂಕಿನ ಚೆಕ್ಕಿಗೆ ಅವರದೇ ಸಹಿ ಇರಬಹುದು. ಆದರೂ ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭದಲ್ಲಿ ಎಲ್ಲ ಪಾಲುದಾರರಿಗೂ ಸಮಪಾಲು, ಕೆಲಸ ನಡೆಸುವುದರಲ್ಲಿ ಎಲ್ಲರಿಗೂ ಹಕ್ಕು, ಲೆಕ್ಕದ ಪುಸ್ತಕಗಳನ್ನು ನೋಡುವ ಮತ್ತು ನಕಲು ಮಾಡಿಕೊಳ್ಳುವ ಅಧಿಕಾರವೂ ಎಲ್ಲರಿಗೂ ಉಂಟು ಎಂದು 12 ಮತ್ತು 13ನೇ ಕಲಂಗಳು ಹೇಳುತ್ತವೆ.

ದೊಡ್ಡ ಸಂಸ್ಥೆಗಳಲ್ಲಿ ‘ಪಾರ್ಟ್ನರ್’ ಎಂಬ ಒಂದೇ ಹೆಸರಿನಡಿ ಎರಡು ಬಗೆಯವರಿರುತ್ತಾರೆ. ಒಂದು, ಬಂಡವಾಳ ಹಾಕಿ ಲಾಭನಷ್ಟದಲ್ಲಿ ಪಾಲು ಹೊಂದಿರುವ ಇಕ್ವಿಟಿ ಪಾರ್ಟ್ನರ್. ಇನ್ನೊಂದು, ಆ ಪದವಿ ಇದ್ದರೂ ನಿಗದಿಯಾದ ಸಂಬಳ ಪಡೆಯುವ, ಮುಖ್ಯ ತೀರ್ಮಾನಗಳಲ್ಲಿ ಮತ ಇಲ್ಲದ ಸ್ಯಾಲರೀಡ್ ಪಾರ್ಟ್ನರ್. ಎರಡನೆಯವರು ಎಚ್ಚರದಿಂದಿರಬೇಕು, ಏಕೆಂದರೆ ತಾನು ಪಾಲುದಾರ ಎಂದು ತೋರಿಸಿಕೊಂಡವರನ್ನು, ಅಥವಾ ಹಾಗೆ ತೋರಿಸಲು ಗೊತ್ತಿದ್ದೂ ಬಿಟ್ಟವರನ್ನು, ನಂಬಿ ಸಂಸ್ಥೆಗೆ ಸಾಲ ಕೊಟ್ಟವರಿಗೆ ಅವರೂ ಹೊಣೆಯಾಗುತ್ತಾರೆ ಎಂದು 28ನೇ ಕಲಂ ಹೇಳುತ್ತದೆ. ಲೆಟರ್‌ಹೆಡ್ಡಿನಲ್ಲಿ ಹೆಸರು ಬಂದ ಸಂತೋಷದಲ್ಲಿ ಈ ಮಾತು ಮರೆತುಹೋಗಬಾರದು.

ಜಗಳ ಹುಟ್ಟುವುದು ಎಲ್ಲಿ

ವಕೀಲರ ಸಂಸ್ಥೆಯಲ್ಲಿ ಮೂರು ಬಗೆಯ ದುಡಿಮೆ ಇರುತ್ತದೆ. ಕೇಸು ತರುವುದು ಒಂದು, ಕಕ್ಷಿದಾರರನ್ನು ಉಳಿಸಿಕೊಂಡು ಕಚೇರಿಯನ್ನು ನಡೆಸುವುದು ಇನ್ನೊಂದು, ಮಧ್ಯರಾತ್ರಿಯವರೆಗೆ ಕುಳಿತು ವಾದಪತ್ರ ಬರೆದು ಬೆಳಿಗ್ಗೆ ನ್ಯಾಯಾಲಯದಲ್ಲಿ ಪಾಟಿ ಸವಾಲು ಮಾಡುವುದು ಮತ್ತೊಂದು. ಒಬ್ಬರೇ ಈ ಮೂರನ್ನೂ ಮಾಡುವುದು ಅಪರೂಪ. ಮನೆತನದ ಹೆಸರು, ಕೊಡವ ಸಮಾಜದ ಒಡನಾಟ, ಪ್ಲಾಂಟರುಗಳ ಪರಿಚಯ ಇರುವವರ ಬಳಿಗೆ ಕೇಸುಗಳು ತಾವಾಗಿಯೇ ಬರುತ್ತವೆ. ಹೊರಗಿನಿಂದ ಬಂದು ಪರಿಶ್ರಮದಿಂದ ಮೇಲೆ ಬಂದವರು ಅವೇ ಕೇಸುಗಳನ್ನು ಗೆದ್ದುಕೊಡುತ್ತಾರೆ. ಹಣ ಬಂದಾಗ ಇದು ಯಾರ ದುಡಿಮೆ ಎಂಬ ಪ್ರಶ್ನೆ ಏಳುತ್ತದೆ.

ಒಂದು ಕಲ್ಪಿತ ಲೆಕ್ಕ ನೋಡೋಣ. ಮಡಿಕೇರಿಯ ಮೂವರು ಪಾಲುದಾರರ ಸಂಸ್ಥೆಯೊಂದಕ್ಕೆ ವರ್ಷದಲ್ಲಿ 30 ಲಕ್ಷ ರೂಪಾಯಿ ಫೀಸು ಬಂತು ಎಂದುಕೊಳ್ಳಿ. ಬಾಡಿಗೆ, ಗುಮಾಸ್ತರ ಸಂಬಳ, ಜೂನಿಯರುಗಳ ಭತ್ಯೆ, ಪುಸ್ತಕ, ಓಡಾಟ ಕಳೆದರೆ 21 ಲಕ್ಷ ಉಳಿಯಿತು. ಪಾಲುದಾರಿಕೆಯ ಒಪ್ಪಂದಪತ್ರದಲ್ಲಿ ಏನೂ ಬರೆಯದಿದ್ದರೆ ಕಾಯ್ದೆಯ ಪ್ರಕಾರ ತಲಾ 7 ಲಕ್ಷ. ಆದರೆ ಆ ವರ್ಷದ ಕೇಸುಗಳಲ್ಲಿ ಶೇಕಡಾ 60ರಷ್ಟನ್ನು ಹಿರಿಯರು, 25ರಷ್ಟನ್ನು ಎರಡನೆಯವರು, 15ರಷ್ಟನ್ನು ಕಿರಿಯರು ತಂದಿದ್ದರು. ತಂದ ಪ್ರಮಾಣದಲ್ಲೇ ಹಂಚಿದರೆ ಹಿರಿಯರಿಗೆ 12 ಲಕ್ಷ 60 ಸಾವಿರ, ಎರಡನೆಯವರಿಗೆ 5 ಲಕ್ಷ 25 ಸಾವಿರ, ಕಿರಿಯರಿಗೆ 3 ಲಕ್ಷ 15 ಸಾವಿರ. ನ್ಯಾಯಾಲಯದಲ್ಲಿ ಹೆಚ್ಚು ಹೊತ್ತು ನಿಂತವರು ಕಿರಿಯರೇ ಆಗಿದ್ದರೆ ಈ ಎರಡನೆಯ ಲೆಕ್ಕ ಅವರಿಗೆ ಅನ್ಯಾಯವೆನಿಸುತ್ತದೆ, ಮೊದಲನೆಯ ಲೆಕ್ಕ ಹಿರಿಯರಿಗೆ ಅನ್ಯಾಯವೆನಿಸುತ್ತದೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಜಗತ್ತಿನ ದೊಡ್ಡ ಸಂಸ್ಥೆಗಳೂ ಈ ಎರಡು ಲೆಕ್ಕಗಳ ನಡುವೆಯೇ ಓಲಾಡುತ್ತಾ ಬಂದಿವೆ. ಸೇವಾವಧಿ ಹೆಚ್ಚಿದಂತೆ ಪಾಲೂ ಮೆಟ್ಟಿಲು ಮೆಟ್ಟಿಲಾಗಿ ಏರುವ ಪದ್ಧತಿಗೆ ಲಾಕ್‌ಸ್ಟೆಪ್ ಎನ್ನುತ್ತಾರೆ. ಅಲ್ಲಿ ಯಾರ ಕೇಸು ಎಂಬ ಎಣಿಕೆ ಇಲ್ಲದ್ದರಿಂದ ಒಬ್ಬರು ಇನ್ನೊಬ್ಬರಿಗೆ ಧಾರಾಳವಾಗಿ ನೆರವಾಗುತ್ತಾರೆ, ಆದರೆ ಹೆಚ್ಚು ಗಳಿಸುವ ಯುವ ಪಾಲುದಾರರು ತಾಳ್ಮೆ ಕಳೆದುಕೊಳ್ಳುತ್ತಾರೆ. ಅವರವರು ತಂದದ್ದು ಅವರವರಿಗೆ ಎಂಬ ಪದ್ಧತಿಯಲ್ಲಿ ಗಳಿಸುವವರು ಉಳಿಯುತ್ತಾರೆ, ಆದರೆ ಕಕ್ಷಿದಾರರನ್ನು ಪಕ್ಕದ ಕೋಣೆಯವರಿಗೂ ಪರಿಚಯಿಸದೆ ಬಚ್ಚಿಟ್ಟುಕೊಳ್ಳುವ ಅಭ್ಯಾಸ ಬೆಳೆಯುತ್ತದೆ. ಅನೇಕ ಸಂಸ್ಥೆಗಳು ಎರಡನ್ನೂ ಬೆರೆಸಿ, ಒಂದು ಭಾಗ ಸಮವಾಗಿ, ಇನ್ನೊಂದು ಭಾಗ ದುಡಿಮೆಯ ಪ್ರಕಾರ ಹಂಚುತ್ತವೆ.

ಹಣದ ನಂತರದ ದೊಡ್ಡ ಕಾರಣ ಉತ್ತರಾಧಿಕಾರ. ಹಿರಿಯರ ಮಗನೋ ಮಗಳೋ ಕಾನೂನು ಓದಿ ಬಂದು ಕಚೇರಿಯಲ್ಲಿ ಕುಳಿತ ದಿನದಿಂದ ಉಳಿದವರ ಲೆಕ್ಕಾಚಾರಗಳೆಲ್ಲ ಬದಲಾಗುತ್ತವೆ. ಹೊಸಬರನ್ನು ಪಾಲುದಾರರನ್ನಾಗಿ ಸೇರಿಸಲು, ಬೇರೆ ಒಪ್ಪಂದ ಇಲ್ಲದಿದ್ದರೆ, ಇರುವ ಪಾಲುದಾರರೆಲ್ಲರ ಒಪ್ಪಿಗೆ ಬೇಕು ಎಂದು 31ನೇ ಕಲಂ ಹೇಳುತ್ತದೆ. ಹಿರಿಯರ ಮಾತಿಗೆ ಎದುರಾಡಲಾಗದೆ ಒಪ್ಪಿದವರು ಆಮೇಲೆ ಹೊರಗೆ ಹೋಗುವ ದಾರಿ ಹುಡುಕುತ್ತಾರೆ.

ತೀರ್ಮಾನ ಯಾರ ಕೈಯಲ್ಲಿ

ದಿನನಿತ್ಯದ ವಿಚಾರಗಳಲ್ಲಿ ಭಿನ್ನಾಭಿಪ್ರಾಯ ಬಂದರೆ ಬಹುಮತದಂತೆ ನಡೆಯಬಹುದು, ಆದರೆ ತೀರ್ಮಾನಕ್ಕೆ ಮೊದಲು ಪ್ರತಿಯೊಬ್ಬರಿಗೂ ಮಾತಾಡುವ ಹಕ್ಕಿದೆ. ವ್ಯವಹಾರದ ಸ್ವರೂಪವನ್ನೇ ಬದಲಾಯಿಸಲು ಮಾತ್ರ ಎಲ್ಲರ ಒಪ್ಪಿಗೆ ಬೇಕು. ಮೂವರಿರುವ ಸಂಸ್ಥೆಯಲ್ಲಿ ಇಬ್ಬರು ಒಂದಾದರೆ ಮೂರನೆಯವರು ಪ್ರತಿ ಸಭೆಯಲ್ಲೂ ಸೋಲುತ್ತಾರೆ. ಇದು ಕಾನೂನುಬಾಹಿರವಲ್ಲ. ಆದರೆ ಅದೇ ಇಬ್ಬರು ಸೇರಿ ಮೂರನೆಯವರನ್ನು ಹೊರಹಾಕಲು ಹೊರಟರೆ 33ನೇ ಕಲಂ ಅಡ್ಡ ಬರುತ್ತದೆ. ಹೊರಹಾಕುವ ಅಧಿಕಾರವನ್ನು ಒಪ್ಪಂದದಲ್ಲೇ ಕೊಟ್ಟಿರಬೇಕು, ಕೊಟ್ಟಿದ್ದರೂ ಅದನ್ನು ಸದ್ಭಾವನೆಯಿಂದ ಬಳಸಿರಬೇಕು. ಲಾಭದಲ್ಲಿ ಹೊರಹೋಗುವವರ ಪಾಲು ತಮಗೇ ಉಳಿಯಲಿ ಎಂಬ ಆಸೆಯಿಂದ ಬಳಸಿದ ಅಧಿಕಾರ ಈ ಪರೀಕ್ಷೆಯಲ್ಲಿ ನಿಲ್ಲುವುದು ಕಷ್ಟ.

ಇದಕ್ಕೆ ವಿರುದ್ಧ ದಿಕ್ಕಿನ ಅಸ್ತ್ರವೂ ಇದೆ. ಅವಧಿಯನ್ನಾಗಲೀ ಮುಗಿಯುವ ಬಗೆಯನ್ನಾಗಲೀ ಒಪ್ಪಂದದಲ್ಲಿ ಬರೆಯದ ಪಾಲುದಾರಿಕೆಯನ್ನು ಇಚ್ಛಾಧೀನ ಪಾಲುದಾರಿಕೆ ಎನ್ನುತ್ತಾರೆ. ಅಂಥ ಸಂಸ್ಥೆಯನ್ನು ಯಾವ ಪಾಲುದಾರರಾದರೂ ಉಳಿದೆಲ್ಲರಿಗೂ ಲಿಖಿತ ನೋಟಿಸು ಕೊಟ್ಟು ವಿಸರ್ಜಿಸಬಹುದು. ನೋಟಿಸಿನಲ್ಲಿ ದಿನಾಂಕ ಇದ್ದರೆ ಆ ದಿನದಿಂದ, ಇಲ್ಲದಿದ್ದರೆ ಅದು ತಲುಪಿದ ದಿನದಿಂದ ಸಂಸ್ಥೆ ಮುಗಿಯಿತು. ಮೂವತ್ತು ವರ್ಷ ನಡೆದ ಕಚೇರಿಯನ್ನೂ ಹೀಗೆ ಒಂದೇ ಪುಟದ ಕಾಗದದಿಂದ ಮುಗಿಸಬಹುದಾದ್ದರಿಂದ, ಬಹುಮತ ಕಳೆದುಕೊಂಡವರ ಕೈಯಲ್ಲಿ ಇದು ದೊಡ್ಡ ಬಲ. ಪತ್ರ ಬರೆಯದೆ ಬಾಯಿಮಾತಿನ ಮೇಲೆ ನಡೆಯುವ ಕಚೇರಿಗಳ ನಿಜವಾದ ಅಪಾಯವೂ ಇಲ್ಲಿಯೇ ಇದೆ.

ನಿಷ್ಠೆ ಎಂಬುದು ಕಾನೂನಿನ ಕರ್ತವ್ಯ

ಪಾಲುದಾರರ ನಡುವಿನ ನಿಷ್ಠೆಯನ್ನು ನಾವು ಸಾಮಾನ್ಯವಾಗಿ ಸ್ನೇಹ, ಋಣ, ಗುರುಭಕ್ತಿಗಳ ಭಾಷೆಯಲ್ಲಿ ಮಾತಾಡುತ್ತೇವೆ. ಕೆಲಸ ಕಲಿಸಿದವರನ್ನು ಬಿಟ್ಟು ಹೋಗುವುದು ದ್ರೋಹ ಎಂಬ ಭಾವನೆ ನಮ್ಮಲ್ಲಿ ಗಾಢವಾಗಿದೆ. ಕಾಯ್ದೆ ಕೇಳುವ ನಿಷ್ಠೆ ಇದಕ್ಕಿಂತ ಕಿರಿದು, ಆದರೆ ಇದಕ್ಕಿಂತ ಕಟ್ಟುನಿಟ್ಟು. ಪಾಲುದಾರರು ಎಲ್ಲರ ಹೆಚ್ಚಿನ ಹಿತಕ್ಕಾಗಿ ಕೆಲಸ ನಡೆಸಬೇಕು, ಒಬ್ಬರಿಗೊಬ್ಬರು ನ್ಯಾಯವಾಗಿಯೂ ನಿಷ್ಠೆಯಿಂದಲೂ ಇರಬೇಕು, ಸರಿಯಾದ ಲೆಕ್ಕವನ್ನೂ ಪೂರ್ಣ ಮಾಹಿತಿಯನ್ನೂ ಕೊಡಬೇಕು ಎಂದು 9ನೇ ಕಲಂ ಹೇಳುತ್ತದೆ. ಸಂಸ್ಥೆಯ ವ್ಯವಹಾರ, ಆಸ್ತಿ, ಸಂಪರ್ಕ ಅಥವಾ ಹೆಸರನ್ನು ಬಳಸಿ ಗಳಿಸಿದ ಖಾಸಗಿ ಲಾಭವನ್ನು ಸಂಸ್ಥೆಗೆ ಒಪ್ಪಿಸಬೇಕು, ಪಾಲುದಾರರಾಗಿದ್ದುಕೊಂಡೇ ಸ್ಪರ್ಧೆಯ ವ್ಯವಹಾರ ನಡೆಸಿದರೆ ಅದರ ಲಾಭವನ್ನೂ ಒಪ್ಪಿಸಬೇಕು ಎಂದು 16ನೇ ಕಲಂ ಹೇಳುತ್ತದೆ. ಈ 16ನೇ ಕಲಮನ್ನು ಒಪ್ಪಂದದಿಂದ ಬದಲಿಸಿಕೊಳ್ಳಬಹುದು.

ಇದು ಕಾಗದದ ಮೇಲಿನ ತತ್ವವಾಗಿ ಉಳಿಯದೆ ದಿನನಿತ್ಯ ಎದುರಾಗುವ ಬಗೆಯನ್ನು ನೋಡಿ. ಕಚೇರಿಯ ಹಳೆಯ ಕಕ್ಷಿದಾರರೊಬ್ಬರು ಭಾನುವಾರ ಒಬ್ಬ ಪಾಲುದಾರರ ಮನೆಗೆ ಬಂದು ಉಯಿಲು ಬರೆಸಿಕೊಳ್ಳುತ್ತಾರೆ, ಕೈಗೆ 15 ಸಾವಿರ ರೂಪಾಯಿ ಕೊಟ್ಟು ಹೋಗುತ್ತಾರೆ. ಕೆಲಸ ಮನೆಯಲ್ಲಿ ನಡೆಯಿತು, ಕಚೇರಿಯ ಕಾಗದವನ್ನೂ ಮುಟ್ಟಲಿಲ್ಲ, ಆದರೂ ಆ ಕಕ್ಷಿದಾರರು ಬಂದದ್ದು ಸಂಸ್ಥೆಯ ಸಂಪರ್ಕದಿಂದ. ಒಪ್ಪಂದದಲ್ಲಿ ವಿನಾಯಿತಿ ಇಲ್ಲದಿದ್ದರೆ ಆ ಹಣ ಸಂಸ್ಥೆಯ ಲೆಕ್ಕಕ್ಕೆ ಬರಬೇಕು. ಅದನ್ನು ಬರೆಯದೆ ಬಿಟ್ಟದ್ದು ತಿಂಗಳುಗಳ ನಂತರ ಬೇರೆ ಬಾಯಿಂದ ಗೊತ್ತಾದಾಗ, 15 ಸಾವಿರಕ್ಕಿಂತ ಬಹಳ ದೊಡ್ಡದೊಂದು ಮುರಿದುಹೋಗುತ್ತದೆ. ಒಂದಾದ ಮೇಲೊಂದರಂತೆ ಹಳೆಯ ಫೈಲುಗಳನ್ನೆಲ್ಲ ತೆಗೆದು ಸಂಶಯದಿಂದ ನೋಡುವ ಕಾಲ ಅಲ್ಲಿಂದ ಶುರುವಾಗುತ್ತದೆ.

ಬಿಟ್ಟುಹೋಗಬೇಕೆಂದು ಮನಸ್ಸು ಮಾಡುವುದು ನಿಷ್ಠೆಗೆ ವಿರುದ್ಧವಲ್ಲ. ನಿವೃತ್ತಿಯಾಗುವ ಹಕ್ಕನ್ನು 32ನೇ ಕಲಂ ಒಪ್ಪುತ್ತದೆ. ಆದರೆ ಇನ್ನೂ ಪಾಲುದಾರರಾಗಿರುವಾಗಲೇ ಹೊಸದಾಗಿ ಬಂದ ಕೇಸುಗಳನ್ನು ತಡೆಹಿಡಿದು ಮುಂದಿನ ಕಚೇರಿಗಾಗಿ ಇಟ್ಟುಕೊಳ್ಳುವುದು, ಕಕ್ಷಿದಾರರನ್ನು ಗುಟ್ಟಾಗಿ ಅತ್ತ ತಿರುಗಿಸುವುದು ಬೇರೆಯ ಮಾತು. ಸ್ವಾತಂತ್ರ್ಯಕ್ಕೂ ವಂಚನೆಗೂ ನಡುವಿನ ಗೆರೆ ಇಲ್ಲಿದೆ ಎಂಬುದು ನನ್ನ ತಿಳಿವಳಿಕೆ. ಹಾಗೆಯೇ ಉಳಿದವರಿಗೂ ಇದೇ ನಿಷ್ಠೆ ಅನ್ವಯಿಸುತ್ತದೆ. ಹೋಗುವವರಿಗೆ ಲೆಕ್ಕ ತೋರಿಸದಿರುವುದು, ಕಂಪ್ಯೂಟರಿನ ಪಾಸ್‌ವರ್ಡ್ ರಾತ್ರೋರಾತ್ರಿ ಬದಲಿಸುವುದು ಕೂಡ 9ನೇ ಕಲಮಿನ ಮುಂದೆ ಉತ್ತರ ಹೇಳಬೇಕಾದ ನಡತೆಯೇ.

ದೊಡ್ಡವರಲ್ಲಿ ನಡೆದದ್ದು

1917ರಲ್ಲಿ ಆರಂಭವಾಗಿ ದೇಶದ ಅತಿ ದೊಡ್ಡ ವಕೀಲರ ಸಂಸ್ಥೆಗಳಲ್ಲಿ ಒಂದಾಗಿ ಬೆಳೆದಿದ್ದ ಅಮರ್‌ಚಂದ್ ಮಂಗಲ್‌ದಾಸ್ 2015ರ ಮೇ ತಿಂಗಳಲ್ಲಿ ಎರಡಾಯಿತು. ಮುಂಬೈ ಕಚೇರಿಯನ್ನು ಮುನ್ನಡೆಸುತ್ತಿದ್ದ ಸಿರಿಲ್ ಶ್ರಾಫ್ ಮತ್ತು ದೆಹಲಿ ಕಚೇರಿಯನ್ನು ಮುನ್ನಡೆಸುತ್ತಿದ್ದ ಶಾರ್ದುಲ್ ಶ್ರಾಫ್ ಸಹೋದರರು. ತಾಯಿ ಭಾರತಿ ಶ್ರಾಫ್ 2014ರಲ್ಲಿ ತೀರಿಕೊಂಡ ನಂತರ ಸಂಸ್ಥೆಯಲ್ಲಿ ಅವರಿಗಿದ್ದ ಪಾಲು ಮತ್ತು ಅವರ ಉಯಿಲಿನ ವಿಚಾರ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿತು, ಕೊನೆಗೆ ಮಧ್ಯಸ್ಥಿಕೆಯ ಮೂಲಕ ಇತ್ಯರ್ಥವಾಯಿತು. ಹಳೆಯ ಹೆಸರಿನ ಮುಂದೆ ತಮ್ಮ ತಮ್ಮ ಹೆಸರು ಸೇರಿಸಿಕೊಂಡು ಇಬ್ಬರೂ ಬೇರೆ ಬೇರೆ ಸಂಸ್ಥೆ ನಡೆಸುತ್ತಿದ್ದಾರೆ. ಪಾಲುದಾರಿಕೆಯ ಹೆಸರಿಗೆ ಎಷ್ಟು ಬೆಲೆ ಇದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ನಮ್ಮ ದೇಶದಲ್ಲಿ ಸಿಗುವುದು ಕಷ್ಟ.

ನ್ಯೂಯಾರ್ಕಿನ ಡ್ಯೂಯಿ ಆ್ಯಂಡ್ ಲೆಬೋಫ್ ಕಥೆ ಬೇರೆ ಬಗೆಯದು. 2007ರಲ್ಲಿ ಎರಡು ಹಳೆಯ ಸಂಸ್ಥೆಗಳು ಸೇರಿ ಹುಟ್ಟಿದ ಅದು, ಕೇಸು ತರುವ ಕೆಲವು ಪಾಲುದಾರರಿಗೆ ಇಂತಿಷ್ಟು ಹಣ ಖಂಡಿತ ಕೊಡುತ್ತೇವೆ ಎಂಬ ಭರವಸೆಗಳನ್ನು ನೀಡಿತ್ತು. ಆದಾಯ ಸಾಲದಾದಾಗ ಭರವಸೆ ಪಡೆದವರಿಗೂ ಪಡೆಯದವರಿಗೂ ನಡುವೆ ಬಿರುಕು ಬಿಟ್ಟಿತು. ಪಾಲುದಾರರು ಗುಂಪುಗುಂಪಾಗಿ ಹೊರನಡೆದರು, 2012ರ ಮೇ ತಿಂಗಳಲ್ಲಿ ಸಂಸ್ಥೆ ದಿವಾಳಿಯೆಂದು ಅರ್ಜಿ ಹಾಕಿತು. ಹಣದಿಂದ ಮಾತ್ರ ಕಟ್ಟಿದ ನಿಷ್ಠೆ ಹಣ ನಿಂತ ದಿನವೇ ಹೋಗುತ್ತದೆ ಎಂಬುದು ಅಲ್ಲಿ ಕೆಲವೇ ತಿಂಗಳುಗಳಲ್ಲಿ ಕಂಡಿತು.

ಬೇರೆಯಾಗುವಾಗ ಯಾವುದು ಯಾರಿಗೆ

ಬೇರೆಯಾದವರು ಅದೇ ಊರಿನಲ್ಲಿ ಅದೇ ವೃತ್ತಿ ನಡೆಸಬಹುದು. ಆದರೆ ಬೇರೆ ಒಪ್ಪಂದ ಇಲ್ಲದಿದ್ದರೆ ಹಳೆಯ ಸಂಸ್ಥೆಯ ಹೆಸರನ್ನು ಬಳಸುವಂತಿಲ್ಲ, ಅದರ ವ್ಯವಹಾರವನ್ನೇ ನಡೆಸುತ್ತಿದ್ದೇವೆ ಎಂದು ತೋರಿಸಿಕೊಳ್ಳುವಂತಿಲ್ಲ, ಸಂಸ್ಥೆಯೊಂದಿಗೆ ವ್ಯವಹರಿಸುತ್ತಿದ್ದವರನ್ನು ತಮ್ಮತ್ತ ಬನ್ನಿ ಎಂದು ಕರೆಯುವಂತಿಲ್ಲ. ಇವು 36ನೇ ಕಲಮಿನ ಮಾತುಗಳು. ಅದೇ ಕಲಂ ಹೊಸ ವ್ಯವಹಾರದ ಜಾಹೀರಾತಿಗೆ ಅವಕಾಶ ಕೊಡುತ್ತದೆಯಾದರೂ ವಕೀಲರಿಗೆ ಅದು ದಕ್ಕುವುದಿಲ್ಲ, ಏಕೆಂದರೆ ವಕೀಲರ ಪರಿಷತ್ತಿನ 36ನೇ ನಿಯಮ ಜಾಹೀರಾತನ್ನೂ ಕೆಲಸ ಕೇಳಿಕೊಂಡು ಹೋಗುವುದನ್ನೂ ನಿಷೇಧಿಸಿದೆ. ಹೋದವರು ಕರೆಯುವಂತಿಲ್ಲ, ಆದರೆ ಕಕ್ಷಿದಾರರು ತಾವಾಗಿಯೇ ಹುಡುಕಿಕೊಂಡು ಹೋದರೆ ತಡೆಯಲು ಯಾರಿಗೂ ಅಧಿಕಾರವಿಲ್ಲ.

ಲೆಕ್ಕ ತೀರಿಸುವ ಕ್ರಮ ನೇರವಾಗಿದೆ. ಸಂಸ್ಥೆ ವಿಸರ್ಜನೆಯಾದರೆ ಮೊದಲು ಹೊರಗಿನವರ ಸಾಲ, ನಂತರ ಪಾಲುದಾರರು ಬಂಡವಾಳಕ್ಕಿಂತ ಹೆಚ್ಚಾಗಿ ಕೊಟ್ಟ ಮುಂಗಡ, ಆಮೇಲೆ ಬಂಡವಾಳ, ಕೊನೆಗೆ ಉಳಿದದ್ದು ಲಾಭದ ಪ್ರಮಾಣದಲ್ಲಿ. ಸಂಸ್ಥೆ ಮುಂದುವರಿದು, ಹೋದವರ ಪಾಲನ್ನು ಇತ್ಯರ್ಥ ಮಾಡದೆ ಅವರ ಆಸ್ತಿಯನ್ನು ಬಳಸಿಕೊಂಡೇ ಇದ್ದರೆ, ಅವರು ಅದಕ್ಕೆ ತಕ್ಕ ಲಾಭವನ್ನೋ ವರ್ಷಕ್ಕೆ ಶೇಕಡಾ 6ರ ಬಡ್ಡಿಯನ್ನೋ ಕೇಳಬಹುದು. ತೀರಿಕೊಂಡವರ ವಾರಸುದಾರರಿಗೂ ಇದೇ ಹಕ್ಕು. ಗುಡ್‌ವಿಲ್, ಅಂದರೆ ವರ್ಷಗಳಿಂದ ಗಳಿಸಿದ ಹೆಸರಿನ ಬೆಲೆ, ಸಂಸ್ಥೆಯ ಆಸ್ತಿಯೆಂದೇ ಕಾಯ್ದೆ ಎಣಿಸುತ್ತದೆ. ಆದರೆ ಅದಕ್ಕೆ ಬೆಲೆ ಕಟ್ಟುವುದೇ ಅತಿ ಕಷ್ಟದ ಕೆಲಸ.

ನೋಂದಣಿಯ ವಿಚಾರವನ್ನು ಕಡೆಗಣಿಸಬಾರದು. ಕರ್ನಾಟಕದಲ್ಲಿ ಈ ಕೆಲಸ ನೋಂದಣಿ ಮತ್ತು ಮುದ್ರಾಂಕ ಇಲಾಖೆಯದು. ನೋಂದಣಿ ಕಡ್ಡಾಯವಲ್ಲವಾದರೂ, ನೋಂದಣಿಯಾಗದ ಸಂಸ್ಥೆಯ ಪಾಲುದಾರರು ಒಪ್ಪಂದದ ಹಕ್ಕುಗಳಿಗಾಗಿ ಸಂಸ್ಥೆಯ ಮೇಲೋ ಇತರ ಪಾಲುದಾರರ ಮೇಲೋ ದಾವೆ ಹೂಡುವಂತಿಲ್ಲ. ವಿಸರ್ಜನೆ ಮತ್ತು ವಿಸರ್ಜಿತ ಸಂಸ್ಥೆಯ ಲೆಕ್ಕಕ್ಕಾಗಿ ಮಾತ್ರ ಹೂಡಬಹುದು. ಸಂಸ್ಥೆಯನ್ನು ಉಳಿಸಿಕೊಂಡೇ ನ್ಯಾಯ ಕೇಳುವ ದಾರಿ ಮುಚ್ಚಿಹೋಗಿ, ಒಡೆಯುವ ದಾರಿ ಮಾತ್ರ ತೆರೆದಿರುತ್ತದೆ.

ಈ ಅನಿಶ್ಚಿತತೆಯನ್ನು ತಪ್ಪಿಸಲು 2008ರ ಕಾಯ್ದೆಯಡಿ ಸೀಮಿತ ಹೊಣೆಯ ಪಾಲುದಾರಿಕೆ, ಅಂದರೆ ಎಲ್‌ಎಲ್‌ಪಿ, ಮಾಡಿಕೊಳ್ಳುವವರಿದ್ದಾರೆ. ಅಲ್ಲಿ ಸಂಸ್ಥೆಗೇ ಬೇರೆ ಅಸ್ತಿತ್ವ ಇರುವುದರಿಂದ ಒಬ್ಬರು ತೀರಿಕೊಂಡರೂ ಬಿಟ್ಟುಹೋದರೂ ಅದು ಉಳಿಯುತ್ತದೆ. ಒಪ್ಪಂದದಲ್ಲಿ ಬೇರೆ ಏರ್ಪಾಡು ಇಲ್ಲದಿದ್ದರೆ 30 ದಿನಗಳಿಗೆ ಕಡಿಮೆಯಿಲ್ಲದ ಲಿಖಿತ ನೋಟಿಸು ಕೊಟ್ಟು ಹೊರಬರಬಹುದು, ಮತ್ತು ಒಬ್ಬ ಪಾಲುದಾರರ ತಪ್ಪಿಗೆ ಇನ್ನೊಬ್ಬರ ಸ್ವಂತ ಆಸ್ತಿ ಹೊಣೆಯಾಗುವುದಿಲ್ಲ.

ಕಕ್ಷಿದಾರರು ಯಾರ ಪಾಲು

ಯಾರ ಪಾಲೂ ಅಲ್ಲ. ಪಾಲುದಾರರು ಜಗಳದ ಬಿಸಿಯಲ್ಲಿ ‘ನನ್ನ ಕಕ್ಷಿದಾರರು’ ಎಂದು ಎಷ್ಟೇ ಹೇಳಿಕೊಂಡರೂ, ಮೇಜು ಕುರ್ಚಿಗಳಂತೆ ಹಂಚಿಕೊಳ್ಳಲು ಅವರು ಆಸ್ತಿಯಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶದ 4ನೇ ನಿಯಮದ ಪ್ರಕಾರ ವಕೀಲರು ಒಬ್ಬರ ಪರವಾಗಿ ನಿಲ್ಲಬೇಕಾದರೆ ಆ ವ್ಯಕ್ತಿ ಸಹಿ ಮಾಡಿದ ಲಿಖಿತ ಅಧಿಕಾರ ಬೇಕು, ಅದೇ ವಕಾಲತ್ತು. ನ್ಯಾಯಾಲಯದ ಅನುಮತಿ ಪಡೆದು ಕಕ್ಷಿದಾರರೋ ವಕೀಲರೋ ಲಿಖಿತವಾಗಿ ಕೊನೆಗೊಳಿಸುವವರೆಗೆ, ಅಥವಾ ಇಬ್ಬರಲ್ಲೊಬ್ಬರು ತೀರಿಕೊಳ್ಳುವವರೆಗೆ, ಅಥವಾ ಆ ಕಕ್ಷಿದಾರರ ಮಟ್ಟಿಗೆ ದಾವೆಯ ನಡಾವಳಿ ಪೂರ್ತಿ ಮುಗಿಯುವವರೆಗೆ ಅದು ಜಾರಿಯಲ್ಲಿರುತ್ತದೆ. ಹೀಗಾಗಿ ಕಚೇರಿ ಒಡೆದ ಮಾತ್ರಕ್ಕೆ ವಕಾಲತ್ತು ಸಾಯುವುದಿಲ್ಲ. ಮೊದಲು ಮಾಡಬೇಕಾದ ಕೆಲಸವೆಂದರೆ ನಿಮ್ಮ ವಕಾಲತ್ತಿನಲ್ಲಿ ಯಾರ ಯಾರ ಹೆಸರಿದೆ ಎಂದು ನೋಡಿಕೊಳ್ಳುವುದು. ಇಬ್ಬರ ಹೆಸರೂ ಇದ್ದರೆ, ಇಬ್ಬರಲ್ಲಿ ಯಾರು ಮುಂದುವರಿಯಬೇಕು ಎಂಬುದನ್ನು ನೀವು ಹೇಳಬೇಕು. ಹೊಸ ವಕೀಲರು ಬರುವುದಾದರೆ ಹಳೆಯ ವಕೀಲರ ಒಪ್ಪಿಗೆ, ವಕೀಲರು ಎನ್‌ಒಸಿ ಎನ್ನುವ ಕಾಗದ, ಬೇಕಾಗುತ್ತದೆ. ಅದು ಸಿಗದಿದ್ದರೆ ಕಾರಣ ತಿಳಿಸಿ ನ್ಯಾಯಾಲಯದ ಅನುಮತಿ ಕೇಳಬಹುದು.

ಫೈಲಿನ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸ್ಪಷ್ಟ ಮಾತು ಹೇಳಿದೆ. ಫೀಸು ಬಾಕಿ ಇದೆ ಎಂಬ ಕಾರಣಕ್ಕೆ ಕಕ್ಷಿದಾರರ ಕಾಗದಪತ್ರಗಳನ್ನು ವಕೀಲರು ಹಿಡಿದಿಟ್ಟುಕೊಳ್ಳುವಂತಿಲ್ಲ. ಬಾಕಿ ಇದ್ದರೆ ವಸೂಲಿಗೆ ಬೇರೆ ಕಾನೂನು ದಾರಿಗಳಿವೆ. ಮೂಲ ಕ್ರಯಪತ್ರ, ಹಳೆಯ ಜಮ್ಮಾ ದಾಖಲೆ, ಪಾಲುಪಟ್ಟಿ ಕಚೇರಿಯ ಕಪಾಟಿನಲ್ಲಿದ್ದರೆ ಲಿಖಿತವಾಗಿ ಕೇಳಿ, ಪಟ್ಟಿ ಮಾಡಿ, ಸಹಿ ಹಾಕಿ ಪಡೆದುಕೊಳ್ಳುವುದು ಒಳ್ಳೆಯದು.

ಗುಟ್ಟಿನ ಪ್ರಶ್ನೆ ಸಣ್ಣ ಜಿಲ್ಲೆಯಲ್ಲಿ ಇನ್ನೂ ಸೂಕ್ಷ್ಮ. ಒಂದೇ ಒಕ್ಕದ ಇಬ್ಬರು ಅಣ್ಣತಮ್ಮಂದಿರ ಪಾಲಿನ ದಾವೆಯಲ್ಲಿ ಅಣ್ಣನ ಪರವಾಗಿ ಒಂದು ಕಚೇರಿ ಕೆಲಸ ಮಾಡಿತ್ತು ಎಂದುಕೊಳ್ಳಿ. ಕಚೇರಿ ಒಡೆದ ಮೇಲೆ, ಹೊರಬಂದ ಪಾಲುದಾರರ ಬಳಿಗೆ ತಮ್ಮ ಬಂದು ‘ಈಗ ನೀವು ಬೇರೆಯಾಗಿದ್ದೀರಿ, ನನ್ನ ಕೇಸು ಹಿಡಿಯಿರಿ’ ಎನ್ನುತ್ತಾನೆ. ಆ ದಾವೆಯಲ್ಲಿ ಸಲಹೆ ಕೊಟ್ಟವರು, ವಾದಪತ್ರ ಬರೆದವರು ಅಥವಾ ಪರವಾಗಿ ನಿಂತವರು ಎದುರು ಪಕ್ಷದ ಪರ ನಿಲ್ಲುವಂತಿಲ್ಲ ಎಂದು ಪರಿಷತ್ತಿನ ನಿಯಮ ಹೇಳುತ್ತದೆ. ಕಕ್ಷಿದಾರರು ನಂಬಿ ಹೇಳಿದ್ದನ್ನು ವಕೀಲರು ಹೊರಗೆಡಹಬಾರದೆಂಬ ಕಟ್ಟು ಕೆಲಸ ಮುಗಿದ ಮೇಲೂ ಮುಂದುವರಿಯುತ್ತದೆ. ಮೊದಲು ಸಾಕ್ಷ್ಯ ಅಧಿನಿಯಮದಲ್ಲಿದ್ದ ಈ ರಕ್ಷಣೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿದೆ. ಪಾಲುದಾರರ ನಡುವಿನ ನಿಷ್ಠೆ ಮುರಿದರೂ ಕಕ್ಷಿದಾರರಿಗೆ ಇಬ್ಬರೂ ಸಲ್ಲಿಸಬೇಕಾದ ಈ ನಿಷ್ಠೆಗೆ ಕೊನೆಯ ದಿನಾಂಕವಿಲ್ಲ.

ಇನ್ನು ಕಾಲಮಿತಿ. ಪಾಲುದಾರರ ಜಗಳಕ್ಕಾಗಿ ನ್ಯಾಯಾಲಯದ ಗಡಿಯಾರ ನಿಲ್ಲುವುದಿಲ್ಲ. ಸಿವಿಲ್ ಡಿಕ್ರಿಯ ವಿರುದ್ಧ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಲು 30 ದಿನ, ಹೈಕೋರ್ಟಿಗೆ 90 ದಿನ. ಪ್ರತಿವಾದಿಯಾಗಿ ಸಮನ್ಸ್ ಪಡೆದವರು ಸಾಮಾನ್ಯವಾಗಿ 30 ದಿನಗಳಲ್ಲಿ ಲಿಖಿತ ಹೇಳಿಕೆ ಸಲ್ಲಿಸಬೇಕು. ಒಬ್ಬರು ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಎಂದುಕೊಂಡ ವಾರಗಳಲ್ಲೇ ಈ ದಿನಗಳು ಕಳೆದುಹೋಗುತ್ತವೆ. ಪ್ರತಿ ಪ್ರಕರಣಕ್ಕೂ 16 ಅಕ್ಷರ ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ತಾಣದಲ್ಲಿ ಅಥವಾ ಮೊಬೈಲ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ವಾಯಿದೆ ಯಾವಾಗ, ಹಿಂದಿನ ವಾಯಿದೆಯಲ್ಲಿ ಏನಾಯಿತು, ಯಾವ ವಕೀಲರ ಹೆಸರು ದಾಖಲಾಗಿದೆ ಎಂಬುದು ಮನೆಯಲ್ಲೇ ಕಾಣುತ್ತದೆ. ಆ ಸಂಖ್ಯೆ ಗೊತ್ತಿಲ್ಲದಿದ್ದರೆ ಪ್ರಕರಣದ ಸಂಖ್ಯೆ ಅಥವಾ ಕಕ್ಷಿದಾರರ ಹೆಸರಿನಿಂದ ಹುಡುಕಬಹುದು, ಇಲ್ಲವೇ ದಾವೆ ನಡೆಯುತ್ತಿರುವ ನ್ಯಾಯಾಲಯದ ಕಚೇರಿಯಲ್ಲಿ ವಿಚಾರಿಸಬಹುದು.